ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತಲ್ವಾ?

ಚೀನೀ ಧಾರಾವಾಹಿ ನೋಡುವವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಅವನು ಅವಳಿಗಾಗಿ ಪ್ರಾಣ ಕೊಡಲೂ ತಯಾರಿದ್ದಾನೆ, ಆದರೆ ಬಾಯಿ ಬಿಡುವುದಿಲ್ಲ. ಅವಳು ತಪ್ಪು ತಿಳಿದುಕೊಂಡು ದ್ವೇಷಿಸುತ್ತಾಳೆ. ನಿಜ ಗೊತ್ತಾಗುವ ಹೊತ್ತಿಗೆ ಇಬ್ಬರಲ್ಲಿ ಒಬ್ಬರು ಇರುವುದಿಲ್ಲ. ಇದನ್ನು ನೋಡಿ ಜನ ಸಿಟ್ಟಾಗುತ್ತಾರೆ. ಸಿಟ್ಟಾದರೂ ರಾತ್ರಿ ಎರಡು ಗಂಟೆಯವರೆಗೆ ಕೂತು ಮುಂದಿನ ಕಂತು ನೋಡುತ್ತಾರೆ.

ನಾನು ಟಿವಿ ಧಾರಾವಾಹಿಗಳ ಕಥಾ ವಿಭಾಗದಲ್ಲಿ ಕೆಲಸ ಮಾಡುವವಳು. ಬೇರೆಯವರು ಬರೆದ ಚಿತ್ರಕಥೆ ಓದಿ, ಕಥೆ ಎಲ್ಲಿ ಸಡಿಲವಾಗಿದೆ ಎಂದು ಹೇಳುವುದು ನನ್ನ ಕೆಲಸ. ಗುಟ್ಟಿನ ಟ್ರ್ಯಾಕ್, ಅಂದರೆ ಗುಟ್ಟಿನ ಸುತ್ತ ಸಾಗುವ ಕಥೆಯ ಎಳೆ, ಬಂದಾಗಲೆಲ್ಲ ಎರಡು ಪ್ರಶ್ನೆ ಕೇಳುತ್ತೇನೆ. ಇದು ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ? ಈಗಲೇ ಹೇಳಿಬಿಟ್ಟರೆ ಏನಾಗುತ್ತದೆ? ಎರಡನೆಯದಕ್ಕೆ ‘ಕಥೆ ಮುಗಿದುಹೋಗುತ್ತದೆ’ ಎಂಬುದಷ್ಟೇ ಉತ್ತರವಾದರೆ ಆ ಟ್ರ್ಯಾಕ್ ನಿಲ್ಲುವುದಿಲ್ಲ. ಚೀನಾದ ಒಳ್ಳೆಯ ಫ್ಯಾಂಟಸಿ ಮತ್ತು ಚಾರಿತ್ರಿಕ ಧಾರಾವಾಹಿಗಳು ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಅಲ್ಲಿ ಹೇಳಿದರೂ ಅನಾಹುತ, ಹೇಳದಿದ್ದರೂ ಅನಾಹುತ. ಜೊತೆಗೆ, ತ್ಯಾಗ ಮಾಡಿದವರು ಅದನ್ನು ಮುಚ್ಚಿಟ್ಟದ್ದಕ್ಕೆ ಬೆಲೆ ತೆರಲೇಬೇಕಾಗುತ್ತದೆ. ನನ್ನ ಮಟ್ಟಿಗೆ ಆ ಕಥೆಗಳ ಜೀವ ಇರುವುದೇ ಅಲ್ಲಿ. ಅದನ್ನು ತೋರಿಸಬೇಕಾದರೆ ಕಥೆಯ ಕೊನೆಗಳನ್ನೂ ಹೇಳಬೇಕಾಗುತ್ತದೆ. ನೋಡಬೇಕೆಂದು ಇಟ್ಟುಕೊಂಡಿರುವವರು ಕ್ಷಮಿಸಬೇಕು.

2017ರ ‘ಎಟರ್ನಲ್ ಲವ್’ ತೆಗೆದುಕೊಳ್ಳೋಣ. ತಾಂಗ್ ಚಿ ಅವರ ಕಾದಂಬರಿಯಿಂದ ಬಂದ 58 ಕಂತುಗಳ ಧಾರಾವಾಹಿ. ಸ್ವರ್ಗದ ಯುವರಾಜ ಯೇ ಹುವಾ ಭೂಮಿಯ ಬೆಟ್ಟವೊಂದರಲ್ಲಿ ಒಂಟಿಯಾಗಿದ್ದ ಸು ಸು ಎಂಬ ಹುಡುಗಿಯನ್ನು ಮದುವೆಯಾಗುತ್ತಾನೆ. ಅವಳು ನಿಜಕ್ಕೂ ಬೈ ಚಿಯೆನ್, ನರಿಕುಲದ ದೇವತೆ. ಶತ್ರುವೊಬ್ಬನ ಮಂತ್ರದಿಂದ ಅವಳ ಶಕ್ತಿಯೂ ಹೋಗಿದೆ, ನೆನಪೂ ಹೋಗಿದೆ. ಇದು ಅವನಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ನೋಡುವ ನಮಗೆ ಮಾತ್ರ ಗೊತ್ತು.

ಅವಳು ಸ್ವರ್ಗಕ್ಕೆ ಬಂದ ಮೇಲೆ ಯೇ ಹುವಾ ಎಲ್ಲರೆದುರು ಅವಳನ್ನು ಕಂಡೂ ಕಾಣದಂತೆ ಇರುತ್ತಾನೆ. ಇದಕ್ಕೆ ಕಾರಣ ಇದೆ. ಸ್ವರ್ಗದ ಒಡೆಯನಾದ ಅಜ್ಜನಿಗೆ ಈ ಹುಡುಗಿ ಮೊಮ್ಮಗನ ಜೀವ ಎಂದು ತಿಳಿದರೆ ಅವಳ ಕಥೆ ಮುಗಿಯಿತು. ಚಿಕ್ಕಪ್ಪ ತನ್ನ ಪ್ರೀತಿಯನ್ನು ಎಲ್ಲರಿಗೂ ತೋರಿಸಿಕೊಂಡು ಏನಾಯಿತು ಎಂಬುದನ್ನು ಯೇ ಹುವಾ ನೋಡಿದ್ದಾನೆ. ಹಾಗಾಗಿ ಸುಮ್ನಿರುತ್ತಾನೆ. ಸು ಚಿನ್ ಎಂಬ ಅಸೂಯೆಯ ಹೆಣ್ಣು ತನ್ನ ಕಣ್ಣು ಹೋದದ್ದು ಸು ಸುವಿನಿಂದ ಎಂದು ಸುಳ್ಳು ದೂರು ಕೊಡುತ್ತಾಳೆ. ಸು ಸುವಿನ ಕಣ್ಣು ಕಿತ್ತು ಕೊಡಬೇಕೆಂದು ತೀರ್ಪಾಗುತ್ತದೆ. ಕೀಳುವವನು ಯೇ ಹುವಾನೇ. ಅವಳಿಗೆ ಆಗಬೇಕಿದ್ದ ಉಳಿದ ಶಿಕ್ಷೆಯನ್ನು ಅವನು ತಾನು ಅನುಭವಿಸುತ್ತಾನೆ, ಅದೂ ಅವಳಿಗೆ ಗೊತ್ತಾಗುವುದಿಲ್ಲ. ಮಗು ಹುಟ್ಟಿದ ಮೇಲೆ ಅವಳು ಸ್ವರ್ಗದ ಕಟ್ಟೆಯಿಂದ ಹಾರಿಬಿಡುತ್ತಾಳೆ.

ಈ ಭಾಗವನ್ನು ಎಷ್ಟು ಸಲ ನೋಡಿದರೂ ನನಗೆ ಒಂದೇ ಯೋಚನೆ. ಯೇ ಹುವಾನ ಪ್ರೀತಿಯಲ್ಲಿ ಸುಳ್ಳಿಲ್ಲ, ಅವನ ಭಯದಲ್ಲೂ ಸುಳ್ಳಿಲ್ಲ. ಆದರೆ ಅವಳ ಬದುಕಿನ ನಿರ್ಧಾರವನ್ನು ಅವಳನ್ನು ಕೇಳದೆ ಅವನೇ ತೆಗೆದುಕೊಂಡ. ಕಥೆ ಇದನ್ನು ಮರೆಯುವುದಿಲ್ಲ. ಹಾರಿದ ಅವಳು ಸಾಯದೆ ಮತ್ತೆ ಬೈ ಚಿಯೆನ್ ಆಗುತ್ತಾಳೆ, ಔಷಧ ಕುಡಿದು ಅವನನ್ನು ಮರೆಯುತ್ತಾಳೆ. ಮುನ್ನೂರು ವರ್ಷದ ನಂತರ ಮತ್ತೆ ಪ್ರೀತಿ ಹುಟ್ಟಿ, ಆಮೇಲೆ ಹಳೆಯದೆಲ್ಲ ನೆನಪಾದಾಗ ಅವಳು ಅವನ ಮುಖ ನೋಡಲೂ ಒಪ್ಪುವುದಿಲ್ಲ. ‘ನಿನ್ನ ಒಳ್ಳೆಯದಕ್ಕೇ ಮಾಡಿದ್ದು’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ನಮ್ಮ ಕಡೆಯ ಎಷ್ಟೋ ಕಥೆಗಳಲ್ಲಿ ತ್ಯಾಗ ಗೊತ್ತಾದ ಕೂಡಲೇ ಕಣ್ಣೀರು, ಅಪ್ಪುಗೆ, ಮುಗಿಯಿತು. ಇಲ್ಲಿ ಗೊತ್ತಾದ ಮೇಲೆ ಕೋಪ ಬರುತ್ತದೆ. ಬರಬೇಕಾದದ್ದೇ.

ಇನ್ನೊಂದು ಮಾತು. ಈ ಧಾರಾವಾಹಿಗಳ ಸ್ವರ್ಗವನ್ನು ನಾವು ಇಂದ್ರನ ಅಮರಾವತಿಯಂತೆ ಕಲ್ಪಿಸಿಕೊಂಡರೆ ಕಥೆ ಹಿಡಿಯುವುದಿಲ್ಲ. ಚೀನೀ ಜನಪದ ನಂಬಿಕೆಯಲ್ಲಿ ಸ್ವರ್ಗವೆಂದರೆ ಒಂದು ಸರ್ಕಾರ. ಚಕ್ರವರ್ತಿ, ಮಂತ್ರಿಗಳು, ಇಲಾಖೆಗಳು, ಲೆಕ್ಕದ ಪುಸ್ತಕಗಳು, ಶಿಕ್ಷೆ ಎಲ್ಲ ಅಲ್ಲಿವೆ. ದೇವತೆ ಯಾರನ್ನು ಪ್ರೀತಿಸುತ್ತಾಳೆ ಎಂಬುದು ಆಡಳಿತದ ವಿಷಯವಾಗುತ್ತದೆ. ಅರಮನೆಯ ಕಥೆಗಳಲ್ಲಿ ಸಿಂಹಾಸನ ಮಾಡುವ ಕೆಲಸವನ್ನು ಫ್ಯಾಂಟಸಿಯಲ್ಲಿ ಸ್ವರ್ಗ ಮಾಡುತ್ತದೆ. ಮುಚ್ಚಿಡುವ ಅಗತ್ಯ ಹುಟ್ಟುವುದು ಈ ವ್ಯವಸ್ಥೆಯಿಂದ. ಇದನ್ನು ಗಟ್ಟಿಯಾಗಿ ಕಟ್ಟದೆ ಬರೀ ಪಾತ್ರದ ಮೊಂಡುತನದ ಮೇಲೆ ಗುಟ್ಟನ್ನು ನಿಲ್ಲಿಸಿದ ಧಾರಾವಾಹಿಗಳೂ ಬೇಕಾದಷ್ಟಿವೆ. ಅವನ್ನು ನೋಡುವಾಗ ಬರುವ ಸಿಟ್ಟು ನ್ಯಾಯವಾದದ್ದು.

ಹಾಗಾದರೆ ಹೇಳಿಬಿಟ್ಟರೆ? ಅದಕ್ಕೂ ಒಂದು ಕಥೆ ಇದೆ. 2011ರ ‘ಸ್ಕಾರ್ಲೆಟ್ ಹಾರ್ಟ್’, ಥಾಂಗ್ ಹುವಾ ಅವರ ಕಾದಂಬರಿ ಆಧರಿಸಿದ್ದು. ಈ ಕಾಲದ ಹುಡುಗಿಯೊಬ್ಬಳು ಚಿಂಗ್ ವಂಶದ ಕಾಂಗ್‌ಶಿ ಚಕ್ರವರ್ತಿಯ ಕಾಲದಲ್ಲಿ ರೂವೊಶಿ ಎಂಬವಳ ದೇಹದಲ್ಲಿ ಕಣ್ಣು ಬಿಡುತ್ತಾಳೆ. ಚಕ್ರವರ್ತಿಯ ಮಕ್ಕಳ ನಡುವೆ ಸಿಂಹಾಸನಕ್ಕಾಗಿ ಹೋರಾಟ. 1722ರಲ್ಲಿ ಕಾಂಗ್‌ಶಿ ತೀರಿಕೊಂಡ ಮೇಲೆ ನಾಲ್ಕನೆಯ ರಾಜಕುಮಾರ ಯೊಂಗ್‌ಜೆಂಗ್ ಚಕ್ರವರ್ತಿ ಆಗುತ್ತಾನೆ ಎಂಬುದು ಇತಿಹಾಸ. ಅದು ಅವಳಿಗೆ ಗೊತ್ತು, ಸುತ್ತ ಇರುವ ಯಾರಿಗೂ ಗೊತ್ತಿಲ್ಲ. ಅವಳ ಗುಟ್ಟು ಅಂದರೆ ಇತಿಹಾಸವೇ. ಮೊದಲು ಅವಳು ಪ್ರೀತಿಸುವುದು ಎಂಟನೆಯ ರಾಜಕುಮಾರನನ್ನು. ಅವನನ್ನು ಉಳಿಸಬೇಕೆಂದು ಬಾಯಿ ಬಿಡುತ್ತಾಳೆ, ನಾಲ್ಕನೆಯವನ ಬಗ್ಗೆ ಎಚ್ಚರ ಎನ್ನುತ್ತಾಳೆ. ಆ ಎಚ್ಚರಿಕೆಯೇ ಎಂಟನೆಯವನನ್ನು ಸಂಚಿಗೆ ಇಳಿಸುತ್ತದೆ. ಆ ಸಂಚಿನಿಂದ ಹಗೆ ಬೆಳೆಯುತ್ತದೆ. ಅವಳ ಪ್ರಾಣಸ್ನೇಹಿತನಾದ ಹದಿಮೂರನೆಯ ರಾಜಕುಮಾರ ಹತ್ತು ವರ್ಷ ಬಂಧನದಲ್ಲಿರುತ್ತಾನೆ. ಇದೆಲ್ಲ ಶುರುವಾದದ್ದು ತನ್ನ ಒಂದು ಮಾತಿನಿಂದ ಎಂದು ಅವಳಿಗೆ ಗೊತ್ತಾಗುವುದು ಎಷ್ಟೋ ವರ್ಷದ ಮೇಲೆ. ಆ ಹೊತ್ತಿಗೆ ಅವಳು ನಾಲ್ಕನೆಯವನನ್ನೇ ಪ್ರೀತಿಸುತ್ತಿದ್ದಾಳೆ, ಅವನೀಗ ಚಕ್ರವರ್ತಿ. 35 ಕಂತುಗಳಲ್ಲಿ ಇದನ್ನು ಹೆಣೆದ ರೀತಿ ನೋಡಿ ಕಲಿಯುವುದು ಬಹಳ ಇದೆ. ಕಥೆ ಬರೆಯುವ ಹುಡುಗ ಹುಡುಗಿಯರಿಗೆ ನಾನು ಮೊದಲು ನೋಡಿ ಎನ್ನುವುದು ಇದನ್ನೇ.

ಗುಟ್ಟು, ತ್ಯಾಗದ ಕಥೆಗಳ ಈ ಹಂಬಲ ಟಿವಿ ಹುಟ್ಟಿಸಿದ್ದಲ್ಲ. ತಾಂಗ್ ವಂಶದ ಕಾಲದ ಕವಿ ಬೈ ಜೂಯಿ 806ರಲ್ಲಿ ಬರೆದ ದೀರ್ಘ ಕವಿತೆಯೊಂದಿದೆ. ಚಕ್ರವರ್ತಿ ಶುವಾನ್‌ಜೊಂಗ್ ಮತ್ತು ಯಾಂಗ್ ಗುಯ್‌ಫೇ ಅವರ ಪ್ರೇಮದ ಕಥೆ. 755ರಲ್ಲಿ ಆನ್ ಲುಶಾನ್ ಎಂಬ ಸೇನಾಪತಿ ದಂಗೆ ಎದ್ದ. ಮರುವರ್ಷ ರಾಜಧಾನಿ ಬಿಟ್ಟು ಓಡುವಾಗ ಮಾವೇ ಎಂಬಲ್ಲಿ ಸೈನಿಕರು ಮುಂದೆ ಹೆಜ್ಜೆ ಇಡಲಿಲ್ಲ. ಅವಳು ಸಾಯಬೇಕು ಎಂದು ಹಠ ಹಿಡಿದರು. ಚಕ್ರವರ್ತಿ ಒಪ್ಪಿದ. ಇಲ್ಲಿಯವರೆಗೆ ಇತಿಹಾಸ. ಕವಿತೆ ಇಲ್ಲಿಗೆ ನಿಲ್ಲುವುದಿಲ್ಲ. ಒಬ್ಬ ತಾವೋ ಪುರೋಹಿತ ಅವಳನ್ನು ಹುಡುಕುತ್ತ ಅಮರರ ದ್ವೀಪಕ್ಕೆ ಹೋಗುತ್ತಾನೆ. ಅವಳು ಚಿನ್ನದ ಮುಡಿಪಿನ್ನನ್ನು ಮುರಿದು ಅರ್ಧ ಕೊಡುತ್ತಾಳೆ. ಜೊತೆಗೆ ಒಂದು ಮಾತನ್ನೂ ಹೇಳಿ ಕಳಿಸುತ್ತಾಳೆ. ಏಳನೇ ತಿಂಗಳ ಏಳನೇ ದಿನ, ನಡುರಾತ್ರಿ, ಹತ್ತಿರ ಯಾರೂ ಇಲ್ಲದಾಗ ಇಬ್ಬರೂ ಪಿಸುಮಾತಿನಲ್ಲಿ ಮಾಡಿಕೊಂಡ ಆಣೆ ಅದು. ಅವರಿಬ್ಬರಿಗೆ ಬಿಟ್ಟು ಇನ್ನಾರಿಗೂ ಗೊತ್ತಿಲ್ಲದ ಮಾತು. ಈ ಪುರೋಹಿತ ಕಂಡದ್ದು ಅವಳನ್ನೇ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಆ ದಿನಕ್ಕೂ ಕಾರಣ ಇದೆ. ದನಗಾಹಿ ಮತ್ತು ನೇಯ್ಗೆ ಹುಡುಗಿ ವರ್ಷಕ್ಕೊಮ್ಮೆ ಆಕಾಶಗಂಗೆ ದಾಟಿ ಸೇರುವ ದಿನ ಅದು. ಆ ಇಬ್ಬರೂ ನಮಗೆ ಗುರುತಿನವರೇ. ನಾವು ಶ್ರವಣ ಎನ್ನುವ ನಕ್ಷತ್ರ ದನಗಾಹಿ, ಅಭಿಜಿತ್ ನೇಯ್ಗೆ ಹುಡುಗಿ. ಅರ್ಧ ಚರಿತ್ರೆ, ಅರ್ಧ ಮಾಯಾಲೋಕ, ಒತ್ತಾಯದ ಬಲಿ, ಇಬ್ಬರಿಗೆ ಮಾತ್ರ ಗೊತ್ತಿರುವ ಮಾತು. ಇಂದಿನ ಫ್ಯಾಂಟಸಿ ಧಾರಾವಾಹಿಯ ಸಾಮಾನೆಲ್ಲ ಆ ಒಂದೇ ಕವಿತೆಯಲ್ಲಿ ಆಗಲೇ ಇದೆ.

ಇನ್ನೊಂದು ಬೇರು ಚಾವ್ ಶುಯೆಚಿನ್ 18ನೇ ಶತಮಾನದಲ್ಲಿ ಬರೆದ ‘ಕೆಂಪು ಮಹಲಿನ ಕನಸು’. ಅದರ ನಾಯಕಿ ಹಿಂದಿನ ಜನ್ಮದಲ್ಲಿ ಸ್ವರ್ಗದ ಒಂದು ಗಿಡ. ನಾಯಕ ಆ ಗಿಡಕ್ಕೆ ಇಬ್ಬನಿ ಹನಿಸಿ ಬದುಕಿಸಿದವನು. ಆ ಋಣವನ್ನು ಒಂದು ಜನ್ಮದ ಕಣ್ಣೀರಿನಿಂದ ತೀರಿಸುತ್ತೇನೆ ಎಂದು ಅವಳು ಭೂಮಿಗೆ ಬರುತ್ತಾಳೆ. ಇಲ್ಲಿ ಮನೆಯವರು ಅವನಿಗೆ ಮದುಮಗಳು ಯಾರೆಂಬುದನ್ನೇ ಮುಚ್ಚಿಟ್ಟು ಬೇರೊಬ್ಬಳ ಜೊತೆ ಮದುವೆ ಮಾಡಿಸುತ್ತಾರೆ. ಅದೇ ಹೊತ್ತಿಗೆ ಇವಳು ಸಾಯುತ್ತಾಳೆ. ದೇವತೆಗಳು ಮನುಷ್ಯರಾಗಿ ಹುಟ್ಟಿ ಕಷ್ಟ ಪಟ್ಟು ಮರಳುವ ಟ್ರ್ಯಾಕ್ ಈಗ ಪ್ರತಿ ಫ್ಯಾಂಟಸಿ ಧಾರಾವಾಹಿಯಲ್ಲೂ ಇರುತ್ತದಲ್ಲ, ಅದರ ದೊಡ್ಡ ಮಾದರಿ ಇದು.

ಮನೆಯವರು ಮುಚ್ಚಿಡುವ ಈ ಕೆಲಸವೇ 2018ರ ‘ಆ್ಯಶಸ್ ಆಫ್ ಲವ್’ನಲ್ಲಿ ಇನ್ನೂ ಕ್ರೂರವಾಗಿ ಬರುತ್ತದೆ. ಪ್ರೀತಿಯಿಂದ ನೊಂದ ಹೂದೇವತೆ ಸಾಯುವ ಮುಂಚೆ ಹಸುಗೂಸು ಜಿನ್ ಮಿಗೆ ಒಂದು ಗುಳಿಗೆ ನುಂಗಿಸುತ್ತಾಳೆ. ಅದು ಒಳಗಿರುವವರೆಗೆ ಪ್ರೀತಿ ಎಂದರೇನೆಂದು ಮಗಳಿಗೆ ತಿಳಿಯುವುದಿಲ್ಲ. ಯಾರಿಗೂ ಹೇಳಬೇಡಿ ಎಂದು ಹತ್ತಿರದವರಿಂದ ಆಣೆ ಮಾಡಿಸಿಕೊಳ್ಳುತ್ತಾಳೆ. ಮಗಳು ನೋಯದಿರಲಿ ಎಂಬ ಆಸೆ, ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಜಿನ್ ಮಿ ದೊಡ್ಡವಳಾಗಿ, ಅಪ್ಪನನ್ನು ಕೊಂದವನು ನಾಯಕ ಶುಫೆಂಗ್ ಎಂದು ತಪ್ಪು ತಿಳಿದು ಅವನಿಗೆ ಇರಿಯುತ್ತಾಳೆ. ಇರಿದ ಮೇಲೆ ಅವಳ ಬಾಯಿಂದ ಆ ಗುಳಿಗೆ ಆಚೆ ಬರುತ್ತದೆ. ತಾನು ಕೊಂದದ್ದು ತಾನು ಪ್ರೀತಿಸಿದವನನ್ನು ಎಂದು ಅವಳಿಗೆ ಗೊತ್ತಾಗುವುದು ಆಗ. ತಾಯಿಯ ತ್ಯಾಗ, ತಾಯಿಯ ಗುಟ್ಟು, ಎರಡೂ ಸೇರಿ ಮಗಳ ಕೈಗೆ ಕತ್ತಿ ಕೊಟ್ಟವು. 63 ಕಂತು ತುಂಬಾ ಉದ್ದವಾಯಿತು, ನಡುವೆ ಎಳೆದಿದ್ದಾರೆ. ಆದರೂ ಆ ಒಂದು ದೃಶ್ಯಕ್ಕೆ ನಾನು ಎದ್ದು ನಿಂತು ಕೈ ಮುಗಿಯುತ್ತೇನೆ.

ಗುಟ್ಟನ್ನು ಬಯಲು ಮಾಡುವ ಕಲೆಗೆ ‘ದಿ ಅನ್‌ಟೇಮ್ಡ್’ ನೋಡಬೇಕು. 2019ರದ್ದು. ಜಿಯಾಂಗ್ ಚೆಂಗ್‌ನ ಶಕ್ತಿಯ ಮೂಲವಾದ ಚಿನ್ನದ ತಿರುಳು ನಾಶವಾಗುತ್ತದೆ. ಜೊತೆಗೆ ಬೆಳೆದ ವೇ ವೂಶಿಯೆನ್ ತನ್ನ ತಿರುಳನ್ನೇ ತೆಗೆಸಿ ಅವನಿಗೆ ಹಾಕಿಸುತ್ತಾನೆ. ಆದರೆ ಯಾರೋ ಮಹಾ ಸನ್ಯಾಸಿನಿ ಸರಿ ಮಾಡಿದಳು ಎಂದು ಸುಳ್ಳು ಹೇಳುತ್ತಾನೆ. ಇನ್ನು ವೇ ವೂಶಿಯೆನ್‌ಗೆ ಕತ್ತಿವಿದ್ಯೆ ನಡೆಯುವುದಿಲ್ಲ. ಸಭೆಗೆ ಕತ್ತಿ ತರದಿದ್ದರೆ ಜನ ಸೊಕ್ಕು ಎನ್ನುತ್ತಾರೆ. ಅವನು ಕೊಳಲು ಹಿಡಿದು ಕತ್ತಲ ವಿದ್ಯೆಗೆ ಇಳಿಯುತ್ತಾನೆ. ಆ ದಾರಿ ಎಲ್ಲರನ್ನೂ ಸುಡುತ್ತದೆ. ವರ್ಷಗಳು ಕಳೆದ ಮೇಲೆ ಈ ಗುಟ್ಟು ಗೊತ್ತಿದ್ದ ವೆನ್ ನಿಂಗ್ ಎಂಬವನು ವೇ ವೂಶಿಯೆನ್‌ನ ಹಳೆಯ ಕತ್ತಿಯನ್ನು ಜಿಯಾಂಗ್ ಚೆಂಗ್ ಕೈಗೆ ಕೊಟ್ಟು ಎಳೆಯಲು ಹೇಳುತ್ತಾನೆ. ತನ್ನ ಒಡೆಯನಿಗೆ ಬಿಟ್ಟು ಬೇರೆ ಯಾರಿಗೂ ಒರೆಯಿಂದ ಹೊರಬರದ ಕತ್ತಿ ಅದು. ಜಿಯಾಂಗ್ ಚೆಂಗ್ ಎಳೆದಾಗ ಬಂದುಬಿಡುತ್ತದೆ. ದೊಡ್ಡ ಸಂಭಾಷಣೆಯೇ ಬೇಡ, ಅವನ ಎದೆಯೊಳಗೆ ಇರುವುದು ಯಾರದ್ದು ಎಂದು ಕತ್ತಿಯೇ ಹೇಳಿತು. ಇಷ್ಟಕ್ಕೆ ಮುಗಿಯುವುದೂ ಇಲ್ಲ. ಜಿಯಾಂಗ್ ಚೆಂಗ್ ಶತ್ರುಗಳಿಗೆ ಸಿಕ್ಕಿಬಿದ್ದು ತಿರುಳು ಕಳೆದುಕೊಂಡದ್ದೇ ವೇ ವೂಶಿಯೆನ್‌ನನ್ನು ಅವರ ಕಣ್ಣಿನಿಂದ ತಪ್ಪಿಸಲು ಹೋಗಿ. ಅವನೂ ಅದನ್ನು ಎಂದೂ ಹೇಳಲಿಲ್ಲ. ಇಬ್ಬರೂ ಇನ್ನೊಬ್ಬರಿಗಾಗಿ ಒಂದೇ ವಸ್ತುವನ್ನು ಕಳೆದುಕೊಂಡವರು, ಇಬ್ಬರೂ ಬಾಯಿ ಕಟ್ಟಿಕೊಂಡವರು. ಇದು ಪ್ರೇಮದ ಟ್ರ್ಯಾಕ್ ಕೂಡ ಅಲ್ಲ. ಮೂಲ ಕಾದಂಬರಿಯಲ್ಲಿ ನಾಯಕರಿಬ್ಬರ ನಡುವೆ ಇದ್ದ ಪ್ರೇಮವನ್ನು ಚೀನಾದ ಪ್ರಸಾರ ನಿಯಮಗಳಿಗೆ ಹೊಂದಿಸಿ ತೆರೆಯ ಮೇಲೆ ಸ್ನೇಹವಾಗಿಸಿದರು. ಹೇಳಲಾಗದ್ದನ್ನು ನಟರು ನೋಟದಲ್ಲಿ, ಒಂದು ಹಾಡಿನಲ್ಲಿ ತುಂಬಿದರು.

ಎಲ್ಲ ಗುಟ್ಟೂ ತ್ಯಾಗವಲ್ಲ ಎಂಬುದನ್ನು ಮರೆಯಬಾರದು. 2019ರ ‘ಗುಡ್‌ಬೈ ಮೈ ಪ್ರಿನ್ಸೆಸ್’ನಲ್ಲಿ ರಾಜಕುಮಾರ ಲಿ ಚೆಂಗ್‌ಯಿನ್ ಚಹಾ ವ್ಯಾಪಾರಿಯ ವೇಷದಲ್ಲಿ ಮರುಭೂಮಿಯ ರಾಜಕುಮಾರಿ ಶಿಯಾವ್ ಫೆಂಗ್‌ಳ ಪ್ರೀತಿ ಗಳಿಸಿ, ಅದೇ ದಾರಿಯಲ್ಲಿ ಅವಳ ತಾತನ ಬುಡಕಟ್ಟನ್ನು ನಾಶ ಮಾಡುತ್ತಾನೆ. ಅವಳು ಮರೆವಿನ ನದಿಗೆ ಹಾರುತ್ತಾಳೆ, ಅವನೂ ಹಾರುತ್ತಾನೆ. ಇಬ್ಬರಿಗೂ ಎಲ್ಲ ಮರೆತುಹೋಗಿ ಮತ್ತೆ ಗಂಡ ಹೆಂಡತಿಯಾಗುತ್ತಾರೆ. ನೆನಪು ಮರಳಿದಾಗ ಅವಳ ಮುಂದೆ ದಾರಿಯೇ ಉಳಿದಿಲ್ಲ. ಎರಡು ಸೇನೆಗಳ ನಡುವೆ ನಿಂತು, ಯುದ್ಧ ಬೇಡವೆಂದು ಕೇಳಿ, ತನ್ನ ಕೈಯಾರೆ ಪ್ರಾಣ ಬಿಡುತ್ತಾಳೆ. ಅವನು ನಿಜವಾಗಿ ಪ್ರೀತಿಸಿದ್ದ ಎಂದು ಅನುಕಂಪ ತೋರುವ ಅಭಿಮಾನಿಗಳು ಜಾಸ್ತಿ. ನನಗೆ ಒಪ್ಪಿಗೆ ಇಲ್ಲ. ಅದು ಮೋಸ. ಅವನಿಗೆ ಕ್ಷಮೆ ಸಿಗದಂತೆ ಕಥೆ ಮುಗಿಸಿದ ಬರಹಗಾರರ ಧೈರ್ಯ ದೊಡ್ಡದು.

ಚೀನಾದ ನೋಡುಗರು ಸಿಹಿ ದೃಶ್ಯವನ್ನು ಸಕ್ಕರೆ ಎನ್ನುತ್ತಾರೆ, ಕರುಳು ಹಿಂಡುವ ದೃಶ್ಯವನ್ನು ಚಾಕು ಎನ್ನುತ್ತಾರೆ. 2020ರಲ್ಲಿ ಅಲ್ಲಿನ ಪ್ರಸಾರ ಆಡಳಿತ ಧಾರಾವಾಹಿ 40 ಕಂತು ಮೀರಬಾರದು ಎಂದು ಸೂಚನೆ ಹೊರಡಿಸಿತು. ಚಾಕುಗಳ ಲೆಕ್ಕ ಬದಲಾಗಲು ಇದೂ ಒಂದು ಕಾರಣ ಎಂಬುದು ನನ್ನ ಅಂದಾಜು. ಒಂದೇ ಗುಟ್ಟನ್ನು ಇಪ್ಪತ್ತು ಕಂತು ಎಳೆಯಲು ಆಮೇಲೆ ಜಾಗ ಉಳಿಯಲಿಲ್ಲ. 2022ರ ‘ಲವ್ ಬಿಟ್ವೀನ್ ಫೇರಿ ಅಂಡ್ ಡೆವಿಲ್’ 36 ಕಂತುಗಳದ್ದು. ಅಲ್ಲಿ ಇಬ್ಬರೂ ಮಾತಾಡುತ್ತಾರೆ, ತಪ್ಪು ತಿಳಿವಳಿಕೆ ಹೆಚ್ಚು ದಿನ ಬಾಳುವುದಿಲ್ಲ. ಆದರೂ ತ್ಯಾಗದ ಹೊತ್ತು ಬಂದಾಗ ಕಣ್ಣು ಒದ್ದೆಯಾಗುತ್ತದೆ. ಗುಟ್ಟು ಕಡಿಮೆಯಾದರೆ ದುಃಖ ಕಡಿಮೆಯಾಗುತ್ತದೆ ಎಂದು ಹೆದರುವ ಬರಹಗಾರರು ಇದನ್ನು ನೋಡಬೇಕು.

ಹೊಸದಾಗಿ ಶುರು ಮಾಡುವವರು ‘ಫೇರಿ ಅಂಡ್ ಡೆವಿಲ್’ನಿಂದಲೇ ಶುರು ಮಾಡಿ. ಮಾಯೆ ಮಂತ್ರ ಬೇಡ ಎನ್ನುವವರಿಗೆ 2015ರ ‘ನಿರ್ವಾಣ ಇನ್ ಫೈರ್’ ಇದೆ. ಸತ್ತನೆಂದು ಎಲ್ಲರೂ ನಂಬಿದ ಯೋಧನೊಬ್ಬ ಬೇರೆ ಹೆಸರು, ಬೇರೆ ಮುಖ ಹೊತ್ತು ರಾಜಧಾನಿಗೆ ಮರಳುತ್ತಾನೆ. ತನ್ನನ್ನು ಮದುವೆಯಾಗಬೇಕಿದ್ದವಳ ಎದುರು, ಪ್ರಾಣಸ್ನೇಹಿತನ ಎದುರು ಅಪರಿಚಿತನಂತೆ ಕೂರುತ್ತಾನೆ. ಸ್ನೇಹಿತನಿಗೆ ಗೊತ್ತಾದರೆ ಕೆಲಸಕ್ಕಿಂತ ತನ್ನ ಜೀವವನ್ನೇ ದೊಡ್ಡದು ಮಾಡುತ್ತಾನೆ ಎಂಬ ಭಯ ಅವನಿಗೆ. 54 ಕಂತು, ಆದರೆ ಒಂದು ಸೀನ್ ಕೂಡ ದಂಡವಿಲ್ಲ. ‘ಗುಡ್‌ಬೈ ಮೈ ಪ್ರಿನ್ಸೆಸ್’ ಮಾತ್ರ ಮನಸ್ಸು ಗಟ್ಟಿ ಇರುವಾಗ ನೋಡಿ, ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವುದಿದ್ದರೆ ಕೊನೆಯ ಕಂತನ್ನು ಶನಿವಾರಕ್ಕೆ ಇಟ್ಟುಕೊಳ್ಳಿ.