ಉಳುಕಿದ ಕಾಲನ್ನು ಎಳೆಯಬೇಡಿ, ತಿಕ್ಕಬೇಡಿ

ಹೋಬಳಿ ಮಟ್ಟದ ಕ್ರೀಡಾಕೂಟ ಮುಗಿದು ಹತ್ತು ದಿನ ಆಗಿತ್ತು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಅಮ್ಮನ ಹೆಗಲು ಹಿಡಿದು ಕುಂಟುತ್ತಾ ಕೋಲಾರದ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ಬಂದಳು. ಕಬಡ್ಡಿಯಲ್ಲಿ ರೈಡ್ ಮಾಡಿ ಗೆರೆಯ ಕಡೆ ಜಿಗಿಯುವಾಗ ಬಲಗಾಲು ಒಳಕ್ಕೆ ಹೊರಳಿತ್ತು. ಪಾದದ ಗಂಟು ಇನ್ನೂ ಬಾತುಕೊಂಡಿತ್ತು. ಚರ್ಮ ನೀಲಿಯಿಂದ ಹಳದಿಗೆ ತಿರುಗಿತ್ತು.

"ಅಲ್ಲೇ ಕಾಲು ಎಳೆದು ಸರಿ ಮಾಡಿದ್ರಂತೆ ಮೇಡಂ, ಇನ್ನೊಂದು ಮ್ಯಾಚೂ ಆಡಿದಾಳೆ. ಮನೇಲಿ ನಮ್ಮತ್ತೆ ಬಿಸಿ ಎಣ್ಣೆ ಹಚ್ಚಿ ತಿಕ್ಕಿದ್ರು. ಉಳುಕು ತೆಗೆಯೋರ ಹತ್ರಾನೂ ಹೋಗಿ ಬಂದ್ವಿ. ಬಾವು ಇಳೀತಾನೇ ಇಲ್ಲ" ಅಂದರು ಅಮ್ಮ. ಎಕ್ಸ್-ರೇ ತೆಗೆಸಿದೆವು. ಹೊರಗಡೆ ಗಂಟಿನ ಮೂಳೆಯ ತುದಿಯಲ್ಲಿ ಬಿರುಕು.

ಎಲ್ಲರೂ ಮಗುವಿನ ಮೇಲಿನ ಪ್ರೀತಿಯಿಂದಲೇ ಮಾಡಿದ್ದು. ಆದರೆ ಮಾಡಿದ್ದೆಲ್ಲಾ ಉಲ್ಟಾ.

ಉಳುಕು ಅಂದರೆ ನರದ ಮೇಲೆ ನರ ಹತ್ತಿದೆ ಅಂತ ನಮ್ಮ ಕಡೆ ಹೇಳುತ್ತಾರೆ. ಒಳಗೆ ಆಗಿರುವುದು ಬೇರೆ. ಮೂಳೆಗೂ ಮೂಳೆಗೂ ಬಿಗಿದಿರುವ ಹಗ್ಗದಂಥ ಲಿಗಮೆಂಟ್ ಹಿಗ್ಗಿ, ಅದರ ಎಳೆಗಳು ಹರಿದಿರುತ್ತವೆ. ಸಣ್ಣ ರಕ್ತನಾಳಗಳು ಒಡೆದು ಒಳಗೇ ರಕ್ತ ಜಿನುಗುತ್ತಿರುತ್ತದೆ. ಆಗ ತಿಕ್ಕಿದರೆ, ಬಿಸಿ ಕೊಟ್ಟರೆ ಜಿನುಗುವುದು ಜಾಸ್ತಿಯಾಗುತ್ತದೆ. ಎಳೆದರೆ ಗಟ್ಟಿಯಾಗಿ ಉಳಿದಿದ್ದ ಎಳೆಯೂ ಹರಿಯಬಹುದು. ಮೊದಲ ಎರಡು ಮೂರು ದಿನ ಎಣ್ಣೆ, ಬಿಸಿನೀರು, ಮಾಲೀಸು ಯಾವುದೂ ಬೇಡ.

ಬೇಕಾಗಿರುವುದು ತಣ್ಣನೆಯದು. "ಮೈದಾನದಲ್ಲಿ ಐಸ್ ಎಲ್ಲಿಂದ ತರೋದು ಮೇಡಂ?" ಅಂತ ಪಿ.ಟಿ. ಮೇಷ್ಟ್ರುಗಳು ಕೇಳುತ್ತಾರೆ. ನಮ್ಮದು ಹಾಲಿನ ಜಿಲ್ಲೆ, ಅಲ್ವಾ? ಹತ್ತಿರದ ನಂದಿನಿ ಬೂತ್‌ನ ಫ್ರಿಜ್‌ನಿಂದ ತಣ್ಣಗಿರುವ ಅರ್ಧ ಲೀಟರ್ ಪ್ಯಾಕೆಟ್ ತನ್ನಿ. ಗಂಟಿನ ಆಕಾರಕ್ಕೆ ಅದು ಬಾಗಿ ಕೂರುತ್ತದೆ. ಐಸ್ ಸಿಕ್ಕರೆ ಟವೆಲ್‌ನಲ್ಲಿ ಸುತ್ತಿಯೇ ಇಡಿ, ಬರೀ ಐಸ್ ಚರ್ಮವನ್ನು ಸುಡುತ್ತದೆ. ಒಂದು ಸಲಕ್ಕೆ 15 ನಿಮಿಷ ಸಾಕು. ನೋವಿದ್ದರೆ ಎರಡು ಗಂಟೆ ಬಿಟ್ಟು ಮತ್ತೆ ಇಡಬಹುದು.

ಆಮೇಲೆ ಕ್ರೇಪ್ ಬ್ಯಾಂಡೇಜ್. ಕಾಲ್ಬೆರಳ ಬುಡದಿಂದ ಶುರುಮಾಡಿ ಮೇಲಕ್ಕೆ ಸುತ್ತಿ. ಸುತ್ತಿದ ಮೇಲೆ ಹೆಬ್ಬೆರಳ ಉಗುರನ್ನು ಒತ್ತಿ ಬಿಡಿ. ಬಿಳಿಚಿದ ಉಗುರು ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಗಾಗಬೇಕು. ಆಗದಿದ್ದರೆ, ಬೆರಳು ಜೋಮು ಹಿಡಿದರೆ, ಬಿಗಿ ಜಾಸ್ತಿಯಾಗಿದೆ, ಬಿಚ್ಚಿ ಕಟ್ಟಿ. ಮಲಗಿಸಿ ಕಾಲ ಕೆಳಗೆ ಎರಡು ದಿಂಬು ಇಡಿ, ಕಾಲು ಎದೆಗಿಂತ ಎತ್ತರದಲ್ಲಿರಲಿ.

ಮೂಳೆ ಮುರಿದಿದೆಯಾ ಅನ್ನುವ ಅನುಮಾನಕ್ಕೆ ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಒಂದು ಸುಲಭ ದಾರಿ ತೋರಿಸಿದರು. ಪಾದದ ಗಂಟಿನ ಎರಡೂ ಕಡೆ ಉಬ್ಬಿರುವ ಮೂಳೆಯ ತುದಿಯನ್ನೂ ಅದರ ಹಿಂದಿನ ಅಂಚನ್ನೂ ಬೆರಳಿನಿಂದ ಒತ್ತಿ ನೋಡಬೇಕು. ಅಲ್ಲಿ ಚುಳ್ ಅಂದರೆ, ಇಲ್ಲಾ ಪೆಟ್ಟಾದವರಿಗೆ ನಾಲ್ಕು ಹೆಜ್ಜೆ ಇಡೋಕೂ ಆಗದಿದ್ದರೆ ಎಕ್ಸ್-ರೇ ಬೇಕು. ಪಾದದ ಹೊರ ಅಂಚಿನ ನಡುವೆ, ಕಿರುಬೆರಳ ಸಾಲಿನ ಮೂಳೆಯ ಬುಡ ನೋವಾದರೂ ಅಷ್ಟೇ. ಕುಂಟುತ್ತಾ ಇಟ್ಟರೂ ಹೆಜ್ಜೆ ಹೆಜ್ಜೆಯೇ. ಆದರೆ ಬಲವಂತವಾಗಿ ನಡೆಸಬೇಡಿ. ನಾಟಿ ಕಟ್ಟು ಹಾಕಿಸುವ ಆಸೆ ಇದ್ದವರಿಗೂ ನನ್ನ ಬೇಡಿಕೆ ಒಂದೇ, ಮೊದಲು ಎಕ್ಸ್-ರೇ ಆಗಲಿ.

ಬೆರಳು ಸೊಟ್ಟಗಾದರೆ, ಭುಜ ಕೆಳಕ್ಕೆ ಜಾರಿದಂತೆ ಕಂಡರೆ ಎಳೆದು ಕೂರಿಸಲು ಹೋಗಬೇಡಿ. ಇದ್ದ ಹಾಗೇ ಟವೆಲ್‌ನಿಂದ ಜೋಲಿ ಕಟ್ಟಿ ಆಸ್ಪತ್ರೆಗೆ ಕರೆದೊಯ್ಯಿರಿ.

ನನಗೆ ನಿಜಕ್ಕೂ ಭಯ ಹುಟ್ಟಿಸುವುದು ತಲೆಪೆಟ್ಟು. ಬಾಲು ತಲೆಗೆ ಬಡಿದು, ಅಥವಾ ಡಿಕ್ಕಿ ಹೊಡೆದು ಬಿದ್ದ ಹುಡುಗ ಮುಖಕ್ಕೆ ನೀರು ಚಿಮುಕಿಸಿದ ಕೂಡಲೇ ಎದ್ದು ನಿಲ್ಲುತ್ತಾನೆ. "ಏನೂ ಆಗಿಲ್ಲ ಸಾರ್, ಆಡ್ತೀನಿ" ಅನ್ನುತ್ತಾನೆ. ಮಂಕಾಗಿದ್ದರೆ, ಕೇಳಿದ್ದನ್ನೇ ಕೇಳುತ್ತಿದ್ದರೆ, ತಲೆ ತಿರುಗುತ್ತಿದ್ದರೆ ಅವತ್ತು ಆಟ ಮುಗಿಯಿತು, ಫೈನಲ್ ಆದರೂ ಅಷ್ಟೇ. ಡಾಕ್ಟರ್ ನೋಡಲೇಬೇಕು. ಒಬ್ಬನನ್ನೇ ಬಿಡಬೇಡಿ. ವಾಂತಿಯಾದರೆ, ನಿದ್ದೆ ಎಳೆಯುತ್ತಿದ್ದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಕುತ್ತಿಗೆ ನೋವು ಅಂದರೆ ಎಬ್ಬಿಸಿ ಕೂರಿಸಲೂ ಬೇಡಿ, ಅಲ್ಲಾಡಿಸದೆ ಕಾಯಿರಿ.

ಮೂಗಿನಿಂದ ರಕ್ತ ಬಂದರೆ ತಲೆ ಹಿಂದಕ್ಕೆ ಬೇಡ, ಮುಂದಕ್ಕೆ ಬಾಗಿಸಿ ಮೂಗಿನ ಮೆತ್ತನೆ ಭಾಗವನ್ನು 10 ನಿಮಿಷ ಬಿಡದೆ ಹಿಡಿಯಿರಿ. ಹಾಲುಹಲ್ಲಲ್ಲದ, ಗಟ್ಟಿ ಹಲ್ಲು ಉದುರಿ ಬಿದ್ದರೆ ಬೇರನ್ನು ಮುಟ್ಟದೆ ಎತ್ತಿ ಹಾಲಿನಲ್ಲಿ ಹಾಕಿ, ಅರ್ಧ ಗಂಟೆಯೊಳಗೆ ದಂತವೈದ್ಯರಲ್ಲಿಗೆ ಹೋಗಿ. ಎಷ್ಟೋ ಸಲ ಅದನ್ನು ಮತ್ತೆ ಕೂರಿಸಬಹುದು.

ಆ ಹುಡುಗಿಯ ಮೂಳೆ ಕೂಡಿತು. ನೋವು ಹೋದ ಕೂಡಲೇ ಅಂಕಣಕ್ಕೆ ಇಳಿಯುತ್ತೇನೆ ಅಂದಳು, ನಾನು ಬಿಡಲಿಲ್ಲ. ಒಮ್ಮೆ ಹೊರಳಿದ ಗಂಟು ಮತ್ತೆ ಹೊರಳುವುದು ಸುಲಭ. ದಿನಾ ಹಲ್ಲುಜ್ಜುವಾಗ ಬಲಗಾಲೊಂದರ ಮೇಲೇ ನಿಲ್ಲಬೇಕು ಅಂತ ಹೇಳಿಕೊಟ್ಟೆ. ಮೊದಲ ದಿನ ಐದು ಸೆಕೆಂಡಿಗೇ ಗೋಡೆ ಹಿಡಿದಳು. ಒಂದು ತಿಂಗಳಿಗೆ ಕಣ್ಣು ಮುಚ್ಚಿಕೊಂಡೇ ನಿಲ್ಲುವಷ್ಟಾದಳು, ಆಮೇಲೆ ಆಡಲು ಕಳಿಸಿದೆ.