ಬೆನ್ನಿನಲ್ಲಿ ಬೆಳೆದ ದವಡೆ

ಜರ್ಮನಿಯ ಕೀಲ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಪ್ಯಾಟ್ರಿಕ್ ವಾರ್ನ್ಕೆ ಮತ್ತು ಸಂಗಡಿಗರು 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಅಪರೂಪದ ಚಿಕಿತ್ಸೆಯೊಂದನ್ನು ವರದಿ ಮಾಡಿದರು. ರೋಗಿ 56 ವರ್ಷದ ವ್ಯಕ್ತಿ; ಎಂಟು ವರ್ಷ ಮೊದಲು ಕ್ಯಾನ್ಸರ್‌ನಿಂದಾಗಿ ಕೆಳದವಡೆಯ ದೊಡ್ಡ ಭಾಗವನ್ನು ತೆಗೆಯಲಾಗಿದ್ದ ಅವರು ಅಂದಿನಿಂದ ಮೆತ್ತನೆಯ ಆಹಾರ ಮತ್ತು ಸೂಪಿನಲ್ಲೇ ಬದುಕಿದ್ದರು. ರಕ್ತ ಹೆಪ್ಪುಗಟ್ಟದಂತೆ ಔಷಧ ತೆಗೆದುಕೊಳ್ಳುತ್ತಿದ್ದುದರಿಂದ ದೇಹದ ಬೇರೆಡೆಯಿಂದ ದೊಡ್ಡ ಮೂಳೆ ಕತ್ತರಿಸುವುದು ಅಪಾಯಕರವಾಗಿತ್ತು. ವೈದ್ಯರು ಸ್ಕ್ಯಾನ್ ಚಿತ್ರಗಳ ಆಧಾರದ ಮೇಲೆ ದವಡೆಯ ಆಕಾರಕ್ಕೆ ಸರಿಹೊಂದುವ ಟೈಟಾನಿಯಂ ಜಾಲರಿ ಮಾಡಿಸಿ, ಅದರೊಳಗೆ ಮೂಳೆ ಖನಿಜದ ತುಂಡುಗಳನ್ನು, ಮೂಳೆ ಬೆಳೆಯಲು ಪ್ರಚೋದಿಸುವ ಬಿಎಂಪಿ-7 ಎಂಬ ಪ್ರೋಟೀನನ್ನು, ಜೊತೆಗೆ ರೋಗಿಯದೇ 20 ಮಿಲಿಲೀಟರ್ ಅಸ್ಥಿಮಜ್ಜೆಯನ್ನು ತುಂಬಿ, ಅವರ ಬೆನ್ನಿನ ಅಗಲವಾದ ಸ್ನಾಯುವಿನೊಳಗೆ ಹುದುಗಿಸಿದರು. ಏಳು ವಾರಗಳ ನಂತರ ಅದನ್ನು ಸ್ನಾಯು ಮತ್ತು ರಕ್ತನಾಳಗಳ ಸಮೇತ ಹೊರತೆಗೆದು ದವಡೆಗೆ ಜೋಡಿಸಿದರು. ನಾಲ್ಕು ವಾರಗಳಲ್ಲಿ ಆ ವ್ಯಕ್ತಿ ಬ್ರೆಡ್ ಮತ್ತು ಸಾಸೇಜ್ ತಿಂದರು. ಸುಮಾರು 15 ತಿಂಗಳ ಬಳಿಕ ಅವರು ಹೃದಯಸ್ತಂಭನದಿಂದ ತೀರಿಕೊಂಡರು.

ಸುದ್ದಿಯಾದದ್ದು ಅಸ್ಥಿಮಜ್ಜೆಯಲ್ಲಿದ್ದ ಆಕರಕೋಶಗಳು, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳು. ಆದರೆ ಈ ಪ್ರಕರಣದಿಂದ ನಾವು ಹೆಚ್ಚು ಕಲಿಯಬೇಕಾದದ್ದು ಜಾಲರಿಯನ್ನು ಸ್ನಾಯುವಿನಲ್ಲಿ ಇಟ್ಟ ನಿರ್ಧಾರದಿಂದ ಎಂದು ನನಗೆ ಅನ್ನಿಸುತ್ತದೆ. ಜೀವಕೋಶ ಬದುಕಬೇಕಾದರೆ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ಹತ್ತಿರದಲ್ಲೇ ಲೋಮನಾಳ, ಅಂದರೆ ಅತಿ ಸಣ್ಣ ರಕ್ತನಾಳ, ಇರಬೇಕು. ದೊಡ್ಡ ಕಸಿಯ ನಡುವೆ ಕೂರಿಸಿದ ಕೋಶಗಳಿಗೆ ಆಮ್ಲಜನಕ ತಲುಪದೆ ಹೆಚ್ಚಿನವು ಕೆಲವೇ ದಿನಗಳಲ್ಲಿ ಸಾಯುತ್ತವೆ. ರಕ್ತ ಸಮೃದ್ಧವಾಗಿರುವ ಬೆನ್ನಿನ ಸ್ನಾಯು ಈ ಕೊರತೆಯನ್ನು ನೀಗಿಸಿತು.

ದವಡೆ ಮೂಳೆಯ ಚಿಕ್ಕ ಕುಳಿಗಳ ವಿಷಯ ಬೇರೆ. ಹಲ್ಲು ಕಿತ್ತ ಜಾಗದಲ್ಲಿ ದವಡೆಯ ಅಂಚು ಒಂದು ವರ್ಷದೊಳಗೆ ಸುಮಾರು ಅರ್ಧದಷ್ಟು ಅಗಲವನ್ನು ಕಳೆದುಕೊಳ್ಳಬಹುದು. ಆಮೇಲೆ ಇಂಪ್ಲಾಂಟ್, ಅಂದರೆ ಕೃತಕ ಹಲ್ಲಿಗೆ ಬೇರಿನಂತಿರುವ ತಿರುಪು, ಕೂರಿಸಲು ಮೂಳೆಯೇ ಸಾಲದಾಗುತ್ತದೆ. ಇಂಥಲ್ಲಿ ದಂತವೈದ್ಯರು ಸಾವಯವ ಅಂಶವನ್ನು ತೆಗೆದುಹಾಕಿದ ಜಾನುವಾರು ಮೂಳೆಯ ಹರಳುಗಳನ್ನೋ ಕೃತಕ ಕ್ಯಾಲ್ಸಿಯಂ ಫಾಸ್ಫೇಟನ್ನೋ ತುಂಬುತ್ತಾರೆ. ಬಳ್ಳಿಗೆ ಚಪ್ಪರವಿದ್ದಂತೆ ಇವು ಆಸರೆ ಮಾತ್ರ. ಸುತ್ತಲಿನ ಜೀವಂತ ಮೂಳೆಯ ಕೋಶಗಳೇ ಅದರೊಳಕ್ಕೆ ಹಬ್ಬಬೇಕು. ಖನಿಜ ತೆಗೆದ ಮೂಳೆ ಸ್ನಾಯುವಿನೊಳಗೂ ಹೊಸ ಮೂಳೆಯನ್ನು ಹುಟ್ಟಿಸಬಲ್ಲದು ಎಂದು 1965ರಲ್ಲಿ ಅಮೆರಿಕದ ಮಾರ್ಷಲ್ ಯೂರಿಸ್ಟ್ ತೋರಿಸಿದ ಮೇಲೆಯೇ ಬಿಎಂಪಿ ಪ್ರೋಟೀನುಗಳ ಹುಡುಕಾಟ ಆರಂಭವಾದದ್ದು.

ಕೋಶಗಳನ್ನೂ ಸೇರಿಸಿದರೆ ಏನಾಗುತ್ತದೆ? ನಾರ್ವೆಯ ಬರ್ಗೆನ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಲ್ಲಿಲ್ಲದೆ ಕೆಳದವಡೆ ಸವೆದಿದ್ದ 11 ಮಂದಿಯ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದನ್ನು ಜರ್ಮನಿಯ ಉಲ್ಮ್‌ಗೆ ಕಳುಹಿಸಿ, ಅಲ್ಲಿ ವೃದ್ಧಿಪಡಿಸಿದ ಕೋಶಗಳನ್ನು ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳೊಂದಿಗೆ ಬೆರೆಸಿ ಕಸಿ ಮಾಡಲಾಯಿತು. ಇಂಪ್ಲಾಂಟ್ ಕೂರಿಸಲು ಸಾಕಾಗುವಷ್ಟು ಮೂಳೆ ಬೆಳೆಯಿತು. ಭರವಸೆಯ ಫಲಿತಾಂಶವೇ ಹೌದು, ಆದರೆ ಹೋಲಿಸಿ ನೋಡಲು ಕೋಶಗಳಿಲ್ಲದ ಗುಂಪು ಅಲ್ಲಿರಲಿಲ್ಲ.

ಹಾಲುಹಲ್ಲಿನ ತಿರುಳಿನಲ್ಲೂ ಆಕರಕೋಶಗಳಿವೆ ಎಂದು 2003ರಲ್ಲಿ ತಿಳಿದುಬಂದಾಗಿನಿಂದ ಹಲ್ಲನ್ನು ಬ್ಯಾಂಕಿನಲ್ಲಿಡುವ ವ್ಯಾಪಾರವೂ ಹುಟ್ಟಿಕೊಂಡಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಭಾರತದಲ್ಲಿ ಇದಕ್ಕೆ ಅವಕಾಶ ಕೊಡುವುದಿಲ್ಲ. ದವಡೆಗೆ ಆಕರಕೋಶ ಚಿಕಿತ್ಸೆಯನ್ನು ಅನುಮೋದಿತ ಕ್ಲಿನಿಕಲ್ ಟ್ರಯಲ್‌ನ ಹೊರಗೆ ನೀಡುವಂತೆಯೂ ಇಲ್ಲ. ಈ ಕಟ್ಟುಪಾಡು ಸರಿಯಾದದ್ದು ಎಂಬುದೇ ನನ್ನ ಅಭಿಪ್ರಾಯ.

ನಮ್ಮಲ್ಲಿ ದವಡೆ ಕಳೆದುಕೊಳ್ಳುವವರಲ್ಲಿ ಬಹಳಷ್ಟು ಮಂದಿ ತಂಬಾಕು ಮತ್ತು ಗುಟ್ಕಾದಿಂದ ಬಾಯಿ ಕ್ಯಾನ್ಸರಿಗೆ ತುತ್ತಾದವರು. ಶಸ್ತ್ರಚಿಕಿತ್ಸೆಯ ಜೊತೆಗೆ ವಿಕಿರಣವನ್ನೂ ಪಡೆದವರ ದವಡೆಯ ಸುತ್ತಲಿನ ಸಣ್ಣ ರಕ್ತನಾಳಗಳು ಹಾನಿಗೊಂಡಿರುತ್ತವೆ. ಬರ್ಗೆನ್‌ನ ರೋಗಿಗಳಲ್ಲಿ ದೊರೆತ ಫಲಿತಾಂಶವನ್ನು ಅದರಿಂದಾಗಿಯೇ ಇವರಿಗೆ ನೇರವಾಗಿ ಅನ್ವಯಿಸುವಂತಿಲ್ಲ. ಕಾಲಿನ ಫಿಬುಲಾ ಮೂಳೆಯನ್ನು ಅದರದೇ ರಕ್ತನಾಳಗಳೊಂದಿಗೆ ತೆಗೆದು ಕುತ್ತಿಗೆಯ ನಾಳಗಳಿಗೆ ಹೊಲಿದು ದವಡೆ ಕಟ್ಟುವ ವಿಧಾನವೇ ಇವತ್ತಿಗೂ ಇಂಥವರಿಗೆ ಶಸ್ತ್ರವೈದ್ಯರ ಮೊದಲ ಆಯ್ಕೆಯಾಗಿ ಉಳಿದಿದೆ.