ಚಟ್ನಿಪುಡಿ ಮಾರೋಕೆ ಲೈಸೆನ್ಸ್ ಬೇಕಾ?

ಪ್ರಶ್ನೆ: ನಾವು ದಾವಣಗೆರೆ ನಿಟುವಳ್ಳಿಯಲ್ಲಿರೋದು. ನನ್ನ ಶೇಂಗಾ ಚಟ್ನಿಪುಡಿ ತಿಂದವರೆಲ್ಲ "ಇದನ್ನ ಮಾರ್ರೀ, ಚಲೋ ಹೋಗುತ್ತೆ" ಅಂತಾರೆ. ಮನೆ ಅಡುಗೆಮನೆಯಲ್ಲೇ ಮಾಡಿ ಮಾರೋಕೆ ಲೈಸೆನ್ಸ್ ಬೇಕಾ? ಶುರು ಮಾಡೋಕೆ ಎಷ್ಟು ದುಡ್ಡು ಇಟ್ಕೊಂಡಿರಬೇಕು? ಬಾಡಿಗೆ ಮನೆ, ಅದೂ ಒಂದು ಚಿಂತೆ.

ಉತ್ತರ: ಬೇಕು. ಎಲ್ಲರೂ ಲೈಸೆನ್ಸ್ ಅಂತ ಕರೆದರೂ ನಿಮ್ಮಂಥ ಮನೆ ವ್ಯಾಪಾರಕ್ಕೆ ಬೇಕಾಗುವುದು ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ. 2006ರ ಕಾಯ್ದೆಯ ಕೆಳಗೆ 2011ರಲ್ಲಿ ಬಂದ ನಿಯಮಾವಳಿ, ವರ್ಷಕ್ಕೆ 12 ಲಕ್ಷ ರೂಪಾಯಿ ಒಳಗೆ ವಹಿವಾಟು ಮಾಡುವವರನ್ನು ಸಣ್ಣ ವ್ಯಾಪಾರಿ ಎಂದು ಗುರುತಿಸಿತು. ಅವರಿಗೆ ಇಟ್ಟ ಶುಲ್ಕ ವರ್ಷಕ್ಕೆ 100 ರೂಪಾಯಿ. ತಿಂಗಳಿಗೆ ಲಕ್ಷ ರೂಪಾಯಿಯ ಚಟ್ನಿಪುಡಿ ಮಾರಿದರೆ ಮಾತ್ರ ಆ ಗೆರೆ ಮುಟ್ಟುತ್ತೀರಿ. ಆ ದಿನ ಬಂದರೆ ನನಗೂ ಒಂದು ಪ್ಯಾಕೆಟ್ ಕಳಿಸಿ.

ಅರ್ಜಿ ಹಾಕುವುದು ಫಾಸ್ಕಾಸ್ ಎಂಬ ಸರ್ಕಾರಿ ಜಾಲತಾಣದಲ್ಲಿ. ಫೋಟೊ, ಗುರುತಿನ ಚೀಟಿ, ಮನೆ ವಿಳಾಸ, ಏನೇನು ಮಾಡುತ್ತೀರಿ ಎಂಬ ಪಟ್ಟಿ ಕೊಟ್ಟರೆ ಹೆಚ್ಚುಕಡಿಮೆ ಮುಗಿಯಿತು. ಮೊಬೈಲಿನಲ್ಲೇ ಆಗುತ್ತದೆ. ಕಣ್ಣಿಗೆ ತ್ರಾಸ ಅನ್ನಿಸಿದರೆ ಕಾಲೇಜಿಗೆ ಹೋಗುವ ಮಕ್ಕಳನ್ನು ಕೂರಿಸಿಕೊಳ್ಳಿ. ಸೈಬರ್ ಸೆಂಟರಿನಲ್ಲಿ ಸಾವಿರಗಟ್ಟಲೆ ಕೇಳಿದರೆ ಎದ್ದು ಬನ್ನಿ. ನಿಯಮದ ಪ್ರಕಾರ 7 ದಿನದೊಳಗೆ ನೋಂದಣಿ ಕೊಡಬೇಕು, ಇಲ್ಲವೇ ಕಾರಣ ಬರೆದು ನಿರಾಕರಿಸಬೇಕು, ಇಲ್ಲವೇ ಬಂದು ನೋಡುತ್ತೇವೆ ಅಂತ ನೋಟಿಸು ಕೊಡಬೇಕು. ಬಂದರೂ ಅವರು ನೋಡುವುದು ನೀರು, ನೆಲ, ಕಸದ ಡಬ್ಬಿ, ಕಾಳು ಇಟ್ಟಿರುವ ಜಾಗ, ಇಲಿ–ಜಿರಲೆ ಕಾಟ ಇದೆಯೇ ಎಂಬುದನ್ನು. ಬೀಗರು ಬರುತ್ತಾರೆಂದರೆ ನಾವೇ ಅದಕ್ಕಿಂತ ಹೆಚ್ಚು ತೊಳೆದಿರುತ್ತೇವೆ. ನೋಂದಣಿ ಸಿಕ್ಕ ಮೇಲೆ ಬರುವ 14 ಅಂಕಿಯ ಸಂಖ್ಯೆ ಪ್ಯಾಕೆಟ್ಟಿನ ಮೇಲೂ ಇರಬೇಕು, ಬಿಲ್ ಕೊಟ್ಟರೆ ಬಿಲ್ಲಿನ ಮೇಲೂ ಇರಬೇಕು.

ಮನೆ ಮುಂದೆ ಬೋರ್ಡು ಹಾಕಿ ಅಂಗಡಿಯಂತೆ ಮಾಡಿದರೆ ಮಹಾನಗರ ಪಾಲಿಕೆಯ ಉದ್ದಿಮೆ ಪರವಾನಗಿಯ ಮಾತು ಬರುತ್ತದೆ. ಒಳಗೇ ಮಾಡಿ ಹೊರಗೆ ಕೊಡುತ್ತಿರುವಾಗ ಮೊದಲು ಎಫ್‌ಎಸ್‌ಎಸ್‌ಎಐ ಮುಗಿಸಿಕೊಳ್ಳಿ. ಇನ್ನೊಂದನ್ನು ಯಾರೂ ಹೇಳುವುದಿಲ್ಲ: ಮನೆಗೆ ಬರುವ 14.2 ಕಿಲೋ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ವ್ಯಾಪಾರಕ್ಕೆ 19 ಕಿಲೋದ ಸಿಲಿಂಡರೇ ಬೇರೆ ಇದೆ. ಗ್ಯಾಸಿನ ಲೆಕ್ಕ ಹಾಕುವಾಗ ಅದರ ದರವನ್ನೇ ಹಿಡಿಯಿರಿ.

ಜಿಎಸ್‌ಟಿ ಭಯವೂ ಇರಬಹುದು. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಹೋದಾಗ ಎಷ್ಟೋ ಅಂಗಡಿಗಳಲ್ಲಿ ಸ್ಕ್ಯಾನರ್ ಕಿತ್ತು "ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸಿದ್ದರು. ಸರಕು ಮಾರುವವರಿಗೆ ನಮ್ಮಲ್ಲಿ ವಹಿವಾಟು ವರ್ಷಕ್ಕೆ 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ನಿಮಗೆ ಸ್ಕ್ಯಾನರ್ ಕೀಳುವ ಕೆಲಸವಿಲ್ಲ. ಮನೆ ಖರ್ಚಿನ ಖಾತೆ ಬೇರೆ, ವ್ಯಾಪಾರದ್ದು ಬೇರೆ ಇಟ್ಟುಕೊಂಡರೆ ಸಾಕು. ಒಂದು ಎಚ್ಚರ ಮಾತ್ರ ಇರಲಿ: ಪುಣೆ, ಹೈದರಾಬಾದಿನಲ್ಲಿರುವ ಗಿರಾಕಿಗಳಿಗೆ ಕೊರಿಯರ್‌ನಲ್ಲಿ ಮಾರಲು ಹೊರಟರೆ ಆ 40 ಲಕ್ಷದ ರಿಯಾಯಿತಿ ಸಿಗದು. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರುವವರು ಮೊದಲ ಪ್ಯಾಕೆಟ್ಟಿಗೇ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಸದ್ಯಕ್ಕೆ ಕರ್ನಾಟಕದೊಳಗೇ ಮಾರಿ.

ಕಾಗದ ಪತ್ರದ ಕೆಲಸ ಒಂದು ವಾರದ್ದು. ನನ್ನನ್ನು ಕೇಳಿದರೆ ನಿಮ್ಮ ನಿಜವಾದ ಪ್ರಶ್ನೆ "ಎಷ್ಟಕ್ಕೆ ಮಾರಲಿ?" ಎಂಬುದು. ಚಟ್ನಿಪುಡಿ ಕೆಟ್ಟು ನಿಂತ ವ್ಯಾಪಾರಕ್ಕಿಂತ ದರ ಕೆಟ್ಟು ನಿಂತ ವ್ಯಾಪಾರಗಳನ್ನೇ ನಾನು ಹೆಚ್ಚು ನೋಡಿದ್ದೇನೆ. ಪಕ್ಕದ ಮನೆಯವರು "200 ಗ್ರಾಮಿಗೆ ಎಪ್ಪತ್ತು ಇಟ್ಟುಬಿಡ್ರೀ" ಅಂದರು, ಇವರು ಇಟ್ಟುಬಿಟ್ಟರು. ಆರು ತಿಂಗಳಾದ ಮೇಲೆ "ಮಾಡಿದ್ದೇ ಮಾಡಿದ್ದು, ಕೈಗೇನೂ ಹತ್ತಲಿಲ್ಲ" ಅಂತಾರೆ.

ಲೆಕ್ಕ ಹಾಕಿ ನೋಡೋಣ. ದರಗಳು ಉದಾಹರಣೆಗೆ ಹಿಡಿದವು, ನಿಮ್ಮ ಕಿರಾಣಿ ಚೀಟಿ ನೋಡಿ ತಿದ್ದಿಕೊಳ್ಳಿ. 5 ಕಿಲೋ ಶೇಂಗಾ ಬೀಜ ಕಿಲೋಕ್ಕೆ 130ರಂತೆ 650. ಬ್ಯಾಡಗಿ ಮೆಣಸಿನಕಾಯಿ ಅರ್ಧ ಕಿಲೋ 175. ಬೆಳ್ಳುಳ್ಳಿ ಅರ್ಧ ಕಿಲೋ 100. ಜೀರಿಗೆ 30, ಉಪ್ಪು–ಬೆಲ್ಲ 20. ಸಾಮಾನಿಗೇ 975 ಆಯಿತು. ಶೇಂಗಾ ಹುರಿದು, ಸಿಪ್ಪೆ ತಿಕ್ಕಿ ಕೇರಿದ ಮೇಲೆ 5 ಕಿಲೋ ಇದ್ದದ್ದು ನಾಲ್ಕೂವರೆ ಆಸುಪಾಸಿಗೆ ಇಳಿಯುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು. ಉಳಿದದ್ದೆಲ್ಲ ಸೇರಿ ಕೊನೆಗೆ ಐದೂವರೆ ಕಿಲೋ ಹತ್ತಿರ ಪುಡಿ ಬರುತ್ತದೆ. ಆದರೂ 5 ಕಿಲೋ ಅಂತಲೇ ಹಿಡಿಯಿರಿ. ಮಿಕ್ಸಿ ಜಾರಿಗೆ ಅಂಟಿದ್ದು, ರುಚಿ ನೋಡಲು ಬಂದವರು ತಿಂದದ್ದು, ಮನೆಯವರು ಬಿಸಿ ಅನ್ನಕ್ಕೆ ಎತ್ತಿಕೊಂಡದ್ದು, ಇವಕ್ಕೆಲ್ಲ ಯಾರೂ ದುಡ್ಡು ಕೊಡುವುದಿಲ್ಲ.

ಅಂದರೆ 200 ಗ್ರಾಮಿನ 25 ಪ್ಯಾಕೆಟ್. ಪೌಚು–ಲೇಬಲ್ಲಿಗೆ ತಲಾ 6 ರೂಪಾಯಿ ಹಿಡಿದರೆ 150. ಗ್ಯಾಸು–ಕರೆಂಟು 60. ಒಟ್ಟು 1185. ಈಗ ನಿಮ್ಮ ಕೂಲಿ. ಆರಿಸುವುದು, ಹುರಿಯುವುದು, ಕೇರುವುದು, ಪುಡಿ ಮಾಡುವುದು, ತುಂಬುವುದು ಸೇರಿ 4 ಗಂಟೆ ಅನ್ನಿ. ಗಂಟೆಗೆ 100 ಹಿಡಿದರೆ 400. ಈಗ 1585 ಆಯಿತು. ಒಂದು ಪ್ಯಾಕೆಟ್ಟಿಗೆ 63 ರೂಪಾಯಿ 40 ಪೈಸೆ ಬಿತ್ತು.

ಎಪ್ಪತ್ತಕ್ಕೆ ನೀವೇ ಕೈಯಿಂದ ಕೈಗೆ ಮಾರಿದರೆ ಆರೂವರೆ ರೂಪಾಯಿ ಉಳಿಯಿತು, ಸರಿ. ಆದರೆ ಓಣಿಯ ಕಿರಾಣಿಯವರು "ನಮ್ಮಲ್ಲೂ ಇಡ್ರೀ" ಅಂದ ದಿನ ಬಣ್ಣ ಬಯಲಾಗುತ್ತದೆ. ಅವರು ನೂರಕ್ಕೆ 20 ಇಟ್ಟುಕೊಂಡರೆ ನಿಮ್ಮ ಕೈಗೆ ಬರುವುದು 56. 25 ಪ್ಯಾಕೆಟ್ಟಿಗೆ 1400, ಅದರಲ್ಲಿ 1185 ಕಳೆಯಿರಿ, 215. ನಾಲ್ಕು ಗಂಟೆ ಮೆಣಸಿನಕಾಯಿ ಘಾಟಿಗೆ ಕೆಮ್ಮಿದ್ದಕ್ಕೆ ಗಂಟೆಗೆ 54 ರೂಪಾಯಿ. ಕೊರಿಯರ್, ಆಟೊ, ವಾಪಸು ಬಂದ ಮಾಲು ಇನ್ನೂ ಲೆಕ್ಕಕ್ಕೆ ಬಂದೇ ಇಲ್ಲ. ಅದೇ 90 ಇಟ್ಟರೆ ಅಂಗಡಿಯವರ ಪಾಲು ಹೋಗಿ 72 ಬರುತ್ತದೆ, ಕೂಲಿ ಸಿಕ್ಕು ಎಂಟೂವರೆ ಉಳಿಯುತ್ತದೆ. ಹಾಗಾಗಿ ಮೊದಲ ದಿನವೇ ಅಂಗಡಿಯ ಪಾಲು ಸೇರಿಸಿ ದರ ಕಟ್ಟಿ. ಅಂಗಡಿ ಇಲ್ಲದಾಗ ಆ ದುಡ್ಡು ನಿಮ್ಮಲ್ಲೇ ಉಳಿಯುತ್ತದೆ. ಎಪ್ಪತ್ತಕ್ಕೆ ರೂಢಿಯಾದ ಗಿರಾಕಿಗೆ ಆಮೇಲೆ ತೊಂಬತ್ತು ಹೇಳುವುದಿದೆಯಲ್ಲ, ಅದು ಬಲು ಕಷ್ಟ. ಅಂಗಡಿಯಲ್ಲಿ ತೊಂಬತ್ತು, ಮನೆ ಬಾಗಿಲಲ್ಲಿ ಎಪ್ಪತ್ತೈದು ಅಂತ ಎರಡು ದರವನ್ನೂ ಇಡಬೇಡಿ. ಅಂಗಡಿಯವರಿಗೆ ಸಂಜೆಯೊಳಗೆ ಗೊತ್ತಾಗುತ್ತದೆ.

ಉದ್ರಿ ವಿಷಯ ಒಂದೇ ಸಾಲಿನಲ್ಲಿ: ಹೊಸ ಪ್ಯಾಕೆಟ್ ಕೊಡುವಾಗ ಹಳೆಯದರ ದುಡ್ಡು ಇಸಿದುಕೊಳ್ಳಿ.

ಖಡಕ್ ರೊಟ್ಟಿಯನ್ನೂ ಜೊತೆಗೆ ಮಾಡಲೇ ಅಂತ ಮುಂದೆ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ರೊಟ್ಟಿಯಲ್ಲಿ ಹಿಟ್ಟಿನ ದುಡ್ಡು ಕಡಿಮೆ, ತಟ್ಟುವ ಕೈಯ ದುಡ್ಡೇ ಹೆಚ್ಚು. ಮೇಲೆ ಸಾಗಿಸುವಾಗ ಮುರಿದದ್ದನ್ನು ಯಾರೂ ಕೊಳ್ಳುವುದಿಲ್ಲ. ಇಡ್ಲಿ–ದೋಸೆ ಹಿಟ್ಟು ಮರುದಿನಕ್ಕೆ ಹುಳಿ. ಚಟ್ನಿಪುಡಿಗೆ ಹನಿ ನೀರೂ ಬೇಡ, ಫ್ರಿಜ್ಜೂ ಬೇಡ, ಮಾರಾಟವಾಗದ ದಿನ ಸುಮ್ಮನೆ ಡಬ್ಬಿಯಲ್ಲಿ ಕೂತಿರುತ್ತದೆ. ಮೊದಲ ಆರು ತಿಂಗಳು ಅದೊಂದನ್ನೇ ಮಾಡಿ. ವಿದ್ಯಾನಗರ ಕಡೆ ಪಿಜಿ, ಹಾಸ್ಟೆಲ್ಲುಗಳಲ್ಲಿರುವ ಮೆಡಿಕಲ್, ಎಂಜಿನಿಯರಿಂಗ್ ಹುಡುಗರಿಗೆ ಮೆಸ್ಸಿನ ಸಪ್ಪೆ ಸಾರಿನ ಜೊತೆ ಏನಾದರೂ ಬೇಕೇ ಬೇಕು. ಅವರಿಗೆ 100 ಗ್ರಾಮಿನ ಪ್ಯಾಕೆಟ್ಟೇ ಸರಿ.

ನೀರು ಬೇಡ ಅಂದೆನಲ್ಲ, ಆ ಪಾಠ ಪೆಟ್ಟು ತಿಂದು ಕಲಿತದ್ದು. ನಾನು ಶುರು ಮಾಡಿದ ವರ್ಷ ದುಗ್ಗಮ್ಮನ ಜಾತ್ರೆ. ಊರ ತುಂಬ ನೆಂಟರು, ಊರಿಗೆ ಒಯ್ಯಲು ಒಬ್ಬೊಬ್ಬರದೂ ಎರಡು ಮೂರು ಪ್ಯಾಕೆಟ್ ಬೇಡಿಕೆ. ಅವಸರಕ್ಕೆ ಹುರಿದ ಶೇಂಗಾ ಬೆಚ್ಚಗಿರುವಾಗಲೇ ಪುಡಿ ಮಾಡಿ, ಬೆಚ್ಚಗಿರುವಾಗಲೇ ತುಂಬಿ ಸೀಲು ಹೊಡೆದೆ. ಬೆಳಗ್ಗೆ ನೋಡಿದರೆ ಪೌಚಿನ ಒಳಮೈಗೆ ಸಣ್ಣ ಸಣ್ಣ ಬೆವರ ಹನಿ. ಒರೆಸೋಣವೆಂದರೆ ಅದು ಒಳಗಿದೆ. ಹತ್ತು ದಿನಕ್ಕೆ ಮೂಲೆಯಲ್ಲಿ ಬೂದು ಬೂಷ್ಟು. ಅಂಗಡಿಯಿಂದ 18 ಪ್ಯಾಕೆಟ್ ತಲೆ ತಗ್ಗಿಸಿ ವಾಪಸು ತಂದೆ. ಈಗ ಹುರಿದದ್ದನ್ನು ಅಗಲ ತಟ್ಟೆಗೆ ಹರವಿ, ಪೂರ್ತಿ ತಣ್ಣಗಾದ ಮೇಲೆ ಪುಡಿ. ಪುಡಿ ಮಾಡುವಾಗ ಮಿಕ್ಸಿ ಬಿಸಿಗೆ ಮತ್ತೆ ಬೆಚ್ಚಗಾಗುತ್ತದೆ, ಮತ್ತೊಮ್ಮೆ ಹರವುವುದು. ಹಸಿ ಬೆಳ್ಳುಳ್ಳಿಯನ್ನು ಹಾಗೇ ಹಾಕಿದರೂ ಇದೇ ಗತಿ. ಸಿಪ್ಪೆ ಸಮೇತ ಜಜ್ಜಿ, ಸಣ್ಣ ಉರಿಯಲ್ಲಿ ಗರಿಗರಿಯಾಗುವಷ್ಟು ಹುರಿದು ಹಾಕಿ.

ಶೇಂಗಾ ಆರಿಸುವಾಗ ಕಣ್ಣು ಚುರುಕಿರಲಿ. ಚಿತ್ರದುರ್ಗ, ಚಳ್ಳಕೆರೆ ಕಡೆ ಶೇಂಗಾ ಬೆಳೆ ಹೆಚ್ಚು, ನಮಗೆ ಮಾಲಿಗೆ ಬರವಿಲ್ಲ. ಆದರೆ ಮಳೆಗೆ ಸಿಕ್ಕಿ ತೇವ ಹಿಡಿದ ಕಾಳಿಗೆ ಬೂಷ್ಟು ಬರುತ್ತದೆ, ಅದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಲಿವರಿಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಮುರುಟಿದ್ದು, ಕಪ್ಪಾದದ್ದು, ಹಸಿರು–ಹಳದಿ ಪುಡಿ ಅಂಟಿದ್ದು ಕಂಡರೆ ತೆಗೆದು ಬಿಸಾಕಿ. ಅಗ್ಗದ ಚೂರು ಬೀಜ ಕೊಳ್ಳಬೇಡಿ. ಚೂರಾದ ಬೀಜದ ಎಣ್ಣೆ ಗಾಳಿಗೆ ಬೇಗ ಕಮಟು ಹಿಡಿಯುತ್ತದೆ.

ಎಷ್ಟು ದಿನ ಬಾಳುತ್ತದೆ ಅಂತ ಬೇರೆಯವರ ಪ್ಯಾಕೆಟ್ ನೋಡಿ ಬರೆಯಬೇಡಿ. ಪ್ರತಿ ಸಲ ಮಾಡಿದಾಗಲೂ ನಾಲ್ಕೈದು ಸಣ್ಣ ಪೌಚು ತಾರೀಖು ಬರೆದು ಅಡುಗೆಮನೆ ಕಪಾಟಿನಲ್ಲಿಡಿ. ಹದಿನೈದು ದಿನಕ್ಕೊಂದು ಒಡೆದು ಮೂಸಿ, ಚಿಟಿಕೆ ಬಾಯಿಗೆ ಹಾಕಿ. ಮೂರನೇ ತಿಂಗಳಿಗೆ ಕಮಟು ಬಂದರೆ ಲೇಬಲ್ಲಿನಲ್ಲಿ ಎರಡು ತಿಂಗಳು ಅಂತ ಹಾಕಿ. ನಮ್ಮೂರ ಏಪ್ರಿಲ್ ಬಿಸಿಲಿನಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಈ ಪರೀಕ್ಷೆ ಆಗಬೇಕು.

ಲೇಬಲ್ಲಿಗೆ ಬಣ್ಣ ಬೇಡ, ವಿವರ ಬೇಕು. ಹೆಸರು, ಹೆಚ್ಚು ಹಾಕಿದ್ದು ಮೊದಲು ಬರುವಂತೆ ಸಾಮಾನಿನ ಪಟ್ಟಿ, ಸಸ್ಯಾಹಾರದ ಹಸಿರು ಚುಕ್ಕೆ, ನಿವ್ವಳ ತೂಕ, ಬ್ಯಾಚ್ ಸಂಖ್ಯೆ, ಮಾಡಿದ ತಾರೀಖು, ಎಲ್ಲಿಯವರೆಗೆ ಬಳಸಬಹುದು, ಎಲ್ಲ ತೆರಿಗೆ ಸೇರಿ ಎಂಆರ್‌ಪಿ, ನಿಮ್ಮ ಹೆಸರು–ವಿಳಾಸ, ದೂರು ಹೇಳಲು ಫೋನ್ ಸಂಖ್ಯೆ, ಆ 14 ಅಂಕಿ. ಶೇಂಗಾ ಕೆಲವರಿಗೆ ಆಗುವುದಿಲ್ಲ, ಅದನ್ನೂ ಬರೆಯಬೇಕು. ಮುಂದೆ ಅದೇ ಮಿಕ್ಸಿಯಲ್ಲಿ ಗುರೆಳ್ಳು ಪುಡಿ ಮಾಡಿದರೆ ಅದರ ಮೇಲೂ "ಶೇಂಗಾ ಅಂಶ ಇರಬಹುದು" ಅಂತ ಹಾಕಿ. ತೂಕಕ್ಕೆ ಅಡುಗೆಮನೆಯ ಪುಟ್ಟ ತಕ್ಕಡಿ ನಡೆಯದು. ತೂಕ–ಅಳತೆ ನೋಡುವ ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬಿದ್ದ ತಕ್ಕಡಿಯೇ ಆಗಬೇಕು.

ಇನ್ನು ದುಡ್ಡು. ಮಿಕ್ಸಿ, ಬಾಣಲೆ ಮನೆಯಲ್ಲಿವೆ. ಮುದ್ರೆಯ ತಕ್ಕಡಿ, ಸೀಲಿಂಗ್ ಯಂತ್ರ, ಮೊದಲ ಪೌಚುಗಳು, 5 ಕಿಲೋ ಸಾಮಾನು, ನೋಂದಣಿ ಸೇರಿ ಆರೇಳು ಸಾವಿರ ಕೈಯಲ್ಲಿದ್ದರೆ ನಡೆಯುತ್ತದೆ. ಸಾಲದ ಮಾತು ಎತ್ತುವವರು ಸಿಗುತ್ತಾರೆ. ಕೇಂದ್ರ ಸರ್ಕಾರ 2020ರಲ್ಲಿ ತಂದ ಪಿಎಂಎಫ್‌ಎಂಇ ಎಂಬ ಕಿರು ಆಹಾರ ಉದ್ದಿಮೆಗಳ ಯೋಜನೆಯಲ್ಲಿ ಯಂತ್ರದ ಸಾಲಕ್ಕೆ 35 ಶೇಕಡ ಸಹಾಯಧನ ಇಟ್ಟರು, 10 ಲಕ್ಷದ ಮಿತಿ. ರಾಜ್ಯ ಸರ್ಕಾರ ಅದಕ್ಕೆ 15 ಶೇಕಡ ಸೇರಿಸಿ ಅರ್ಧಕ್ಕೆ ತಂದಿತು. ಒಳ್ಳೆಯದೇ, ಆದರೆ ಅದು ಬ್ಯಾಂಕ್ ಸಾಲಕ್ಕೆ ಅಂಟಿದ ಸಹಾಯಧನ, ಉಳಿದರ್ಧ ನೀವೇ ತೀರಿಸಬೇಕು. ತಿಂಗಳಿಗೆ ಮುನ್ನೂರು ಪ್ಯಾಕೆಟ್ ಬಿಡದೆ ಹೋಗುವಂತಾಗಿ, ಮಿಕ್ಸಿ ಸುಟ್ಟ ವಾಸನೆ ಬರತೊಡಗಿದ ಮೇಲೆ ಕೃಷಿ ಇಲಾಖೆಗೆ ಹೋಗಿ ಆ ಯೋಜನೆ ಈಗಲೂ ಇದೆಯೇ ಕೇಳಿ.

ಬಾಡಿಗೆ ಮನೆಯ ಚಿಂತೆ ಅಂದಿರಿ. ಮನೆ ಓನರ್‌ಗೆ ಮೊದಲೇ ಹೇಳಿಬಿಡಿ. ನೀವು ಹೇಳದಿದ್ದರೆ ಅರ್ಧ ಕಿಲೋ ಬ್ಯಾಡಗಿ ಹುರಿದ ದಿನ ಘಾಟೇ ಹೋಗಿ ಹೇಳುತ್ತದೆ. ಹೋಗುವಾಗ ಒಂದು ಪ್ಯಾಕೆಟ್ ಕೈಯಲ್ಲಿರಲಿ, ಅದನ್ನು ಐದೂವರೆ ಕಿಲೋ ಪುಡಿಯಲ್ಲಿ ಲೆಕ್ಕಕ್ಕೆ ಹಿಡಿಯದೆ ಬಿಟ್ಟ ಆ ಅರ್ಧ ಕಿಲೋದಲ್ಲೇ ಬರೆದುಕೊಳ್ಳಿ.